ಮಾತುಗಾರರ ಕುರ್ಚಿಗೆ ಲೆಕ್ಕದವರು ಬಂದಾಗ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಪತ್ತಿನ ಸೌಹಾರ್ದ ಸಹಕಾರಿಯ ಶಾಖೆಯಲ್ಲಿದ್ದೇನೆ. ಹನ್ನೊಂದು ವರ್ಷ ಲೆಕ್ಕದ ಟೇಬಲ್ಲಿನಲ್ಲಿದ್ದವಳನ್ನು ಈ ಏಪ್ರಿಲ್‌ನಲ್ಲಿ ಶಾಖಾ ವ್ಯವಸ್ಥಾಪಕಿ ಮಾಡಿದರು. ಹಿಂದಿದ್ದ ಮ್ಯಾನೇಜರ್ ಸರ್ ದೊಡ್ಡ ಮಾತುಗಾರರು. ಮದುವೆ, ಗೃಹಪ್ರವೇಶ, ಜಾತ್ರೆ ಯಾವುದನ್ನೂ ಬಿಡದೆ ಹೋಗಿ ಠೇವಣಿ ತರುತ್ತಿದ್ದರು. ಸುಸ್ತಿದಾರರ ಮನೆಯಲ್ಲೇ ಚಹಾ ಕುಡಿದು ವಸೂಲಿ ಮಾಡಿಕೊಂಡು ಬರುತ್ತಿದ್ದರು. ನನಗೆ ಅದು ಬರುವುದಿಲ್ಲ. ಶಾಖೆಯಲ್ಲಿ ಒಬ್ಬ ಹಿರಿಯ ಗುಮಾಸ್ತರು (ಈ ಹುದ್ದೆ ತಮಗೆ ಸಿಗಬೇಕಿತ್ತು ಎಂಬ ಬೇಸರ ಅವರಿಗಿದೆ, ನಿರ್ದೇಶಕರು ಈಗಲೂ ಅವರಿಗೇ ಫೋನ್ ಮಾಡುತ್ತಾರೆ), ಕ್ಯಾಷಿಯರ್, ಹೊಸದಾಗಿ ಸೇರಿದ ಒಬ್ಬ ಹುಡುಗ, ಒಬ್ಬ ಹುಡುಗಿ, ಅಟೆಂಡರ್ ಇದ್ದಾರೆ. ಮನೆ, ಅಂಗಡಿಗೆ ಹೋಗಿ ದಿನದ ಉಳಿತಾಯ ತರುವ ನಾಲ್ವರು ಪಿಗ್ಮಿ ಏಜೆಂಟರೂ ಇದ್ದಾರೆ. ಮುಖ್ಯ ಕಚೇರಿಯವರು ತರಬೇತಿಗೆ ಕರೆದು ಆನ್‌ಲೈನ್ ಪರೀಕ್ಷೆ ಮಾಡಿಸಿದರು. ನನ್ನ ಐದು ಸಾಮರ್ಥ್ಯ ಎಂದು ಬಂದದ್ದು ಶಿಸ್ತು, ವಿಶ್ಲೇಷಣೆ, ಜವಾಬ್ದಾರಿ, ಮುನ್ನೆಚ್ಚರಿಕೆ, ಕಲಿಕೆ. 'ನಿಮ್ಮ ಸಾಮರ್ಥ್ಯದಿಂದಲೇ ತಂಡ ಕಟ್ಟಿ' ಎಂದು ಹೇಳಿ ಕಳಿಸಿದರು. ಹೇಗೆ ಕಟ್ಟಲಿ? ಚುರುಕಾದ ಸಿಬ್ಬಂದಿ ಕೊಡಿ ಎಂದು ಕೇಳಲೇ? ನಮ್ಮವರಿಗೂ ಈ ಪರೀಕ್ಷೆ ಮಾಡಿಸಲೇ?

ಉತ್ತರ: ಪದಗಳನ್ನು ನೋಡಿದರೆ ನಿಮಗೆ ಮಾಡಿಸಿದ್ದು ಗ್ಯಾಲಪ್ ಸಂಸ್ಥೆಯ ಪರೀಕ್ಷೆ ಅಥವಾ ಅದರ ಅಚ್ಚಿನಲ್ಲೇ ಮಾಡಿದ ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಲಿಫ್ಟನ್ ರೂಪಿಸಿದ ಆ ಪರೀಕ್ಷೆಯಲ್ಲಿ 177 ಜೋಡಿ ಹೇಳಿಕೆಗಳಿರುತ್ತವೆ. ಒಂದೊಂದಕ್ಕೂ 20 ಸೆಕೆಂಡು. ಕೊನೆಗೆ 34 ಗುಣಗಳಲ್ಲಿ ನಿಮ್ಮಲ್ಲಿ ಎದ್ದು ಕಾಣುವ ಐದನ್ನು ಮೇಲೆ ತೆಗೆದು ಕೊಡುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಉತ್ತರ ಕೊಟ್ಟವರು ನೀವೇ, ನಿಮ್ಮ ಬಗ್ಗೆ. ನೀವು ನಿಮ್ಮನ್ನು ಹೇಗೆ ಕಾಣುತ್ತೀರಿ ಎಂಬುದು ಅದರಿಂದ ತಿಳಿಯುತ್ತದೆ, ಆ ಗುಣದಿಂದ ನಿಮ್ಮ ಶಾಖೆಯಲ್ಲಿ ಯಾರಿಗೆ ಏನು ಅನುಕೂಲವಾಯಿತು ಎಂಬುದು ತಿಳಿಯುವುದಿಲ್ಲ. ಗ್ಯಾಲಪ್‌ನವರೇ ಈ ಐದನ್ನು ಸಾಮರ್ಥ್ಯ ಎನ್ನುವುದಿಲ್ಲ. ಇವು ಹುಟ್ಟಿನ ಒಲವುಗಳು, ಅಭ್ಯಾಸವೂ ತಿಳಿವಳಿಕೆಯೂ ಸೇರಿದ ಮೇಲೆ ಸಾಮರ್ಥ್ಯ ಆಗುತ್ತವೆ ಎನ್ನುತ್ತಾರೆ. ತರಬೇತಿಯ ಗಡಿಬಿಡಿಯಲ್ಲಿ ಈ ಮಾತನ್ನು ಯಾರೂ ಒತ್ತಿ ಹೇಳಿರುವುದಿಲ್ಲ. ಅದೂ ಅಲ್ಲದೆ, ಹನ್ನೊಂದು ವರ್ಷ ಲೆಕ್ಕ ಬರೆದವರಿಗೆ ಶಿಸ್ತಿದೆ ಎಂದು ಹೇಳಲು ಕಂಪ್ಯೂಟರ್ ಬೇಕಿತ್ತೇ!

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ತೊಡಕು ಬೇರೆಯದೇ. 'ವಸೂಲಿ ಮಾಡಿಕೊಂಡು ಬರುತ್ತಿದ್ದರು, ನನಗೆ ಬರುವುದಿಲ್ಲ' ಎಂದು ಬರೆದಿದ್ದೀರಿ. ವಸೂಲಿ ಎನ್ನುವುದು ಒಂದೇ ಕೆಲಸ, ಅದಕ್ಕೆ ಒಂದೇ ಗುಣ ಬೇಕು, ಆ ಗುಣ ಹಿಂದಿನವರಲ್ಲಿತ್ತು, ನಿಮ್ಮಲ್ಲಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೀರಿ. ಹಾಗಿಲ್ಲ. ವಸೂಲಿಯೊಳಗೆ ನಾಲ್ಕೈದು ಕೆಲಸಗಳಿವೆ. ಹಿಂದಿನ ಸರ್ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು, ಇಲ್ಲವೇ ಮಾಡಿದಂತೆ ಕಾಣುತ್ತಿತ್ತು. ತಂಡ ಕಟ್ಟುವುದು ಎಂದರೆ ಮೊದಲು ಈ ಕೆಲಸವನ್ನು ಎಳೆಎಳೆಯಾಗಿ ಬಿಡಿಸುವುದು. ಜನರ ಗುಣ ನೋಡುವುದು ಅದಾದ ಮೇಲೆ. ಹೆಚ್ಚಿನ ಕಡೆ ಇದು ತಿರುಗುಮುರುಗಾಗುತ್ತದೆ: ಮೊದಲು ಒಬ್ಬೊಬ್ಬರ ಗುಣ ಪಟ್ಟಿ ಮಾಡುತ್ತಾರೆ, ಆಮೇಲೆ ಆ ಪಟ್ಟಿಯನ್ನು ಯಾವ ಕೆಲಸಕ್ಕೆ ಅಂಟಿಸಬೇಕೆಂದು ತಿಳಿಯದೆ ಫೈಲಿನಲ್ಲಿಡುತ್ತಾರೆ.

ವಸೂಲಿಯನ್ನೇ ಬಿಡಿಸೋಣ. ಕಂತು ತಪ್ಪಿದ್ದು ಎಷ್ಟನೇ ದಿನಕ್ಕೆ ನಿಮ್ಮ ಕಣ್ಣಿಗೆ ಬೀಳುತ್ತದೆ? ಬ್ಯಾಂಕುಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಬಾಕಿ 90 ದಿನ ದಾಟಿದರೆ ಅದು ಅನುತ್ಪಾದಕ ಸಾಲ, ಅಂದರೆ ಆದಾಯ ಬರದೆ ನಿಂತ ಸಾಲ. ಮಾತಿನ ಮೇಲೆ ನಡೆಯುವ ಶಾಖೆಗಳಲ್ಲಿ ಎಷ್ಟೋ ಸಲ ಎಂಬತ್ತನೇ ದಿನದವರೆಗೆ ಯಾರೂ ಪಟ್ಟಿ ತೆಗೆದಿರುವುದಿಲ್ಲ, ಆಮೇಲೆ ಮ್ಯಾನೇಜರ್ ಬೈಕ್ ಹತ್ತಿ ಓಡುತ್ತಾರೆ. ಐದನೇ ದಿನಕ್ಕೇ ಕಂಡರೆ ಒಂದು ಫೋನಿನಲ್ಲಿ ಮುಗಿಯುವ ವಿಷಯವದು. ಇದು ನಿಮ್ಮ ಕೆಲಸ, ಇದನ್ನು ನಿಮ್ಮಷ್ಟು ಚೆನ್ನಾಗಿ ಹಿಂದಿನವರು ಮಾಡುತ್ತಿದ್ದರು ಎಂದು ನನಗನ್ನಿಸುವುದಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಕೌಂಟರ್ ತೆರೆಯುವ ಮೊದಲು ಒಂದು ಹಾಳೆ: ಯಾರದು, ಎಷ್ಟು, ಎಷ್ಟು ದಿನ, ಜಾಮೀನುದಾರ ಯಾರು. ಇಷ್ಟೇ.

ಎರಡನೆಯದು, ಯಾಕೆ ತಪ್ಪಿತು ಎಂಬುದು. ಇದು ಲೆಡ್ಜರಿನಲ್ಲಿರುವುದಿಲ್ಲ, ಊರಿನಲ್ಲಿರುತ್ತದೆ. ನಿಮ್ಮ ಶಾಖೆಯಲ್ಲಿ ಊರು ಗೊತ್ತಿರುವವರು ಯಾರು? ಹೆಚ್ಚು ಮಾಡಿ ನಿಮ್ಮ ಅಟೆಂಡರ್. ಬ್ಯಾಡಗಿ ಸುತ್ತಿನ ಒಂದು ಶಾಖೆಯಲ್ಲಿ ನಾನು ಕೂತಿದ್ದಾಗ ಮ್ಯಾನೇಜರ್ ಒಬ್ಬ ಸದಸ್ಯರ ಮನೆಗೆ ಹೊರಟಿದ್ದರು. ಚಹಾ ಲೋಟ ಎತ್ತುತ್ತಿದ್ದ ಅಟೆಂಡರ್, 'ಈಗ ಹೋಗಬ್ಯಾಡ್ರಿ ಸರ್, ಅವರ ಮನ್ಯಾಗ ಮಗಳ ಬಾಣಂತನ ಐತಿ. ಕಾಯಿನೂ ಇನ್ನೂ ಹೊಲದಾಗ ಐತಿ. ಸಂಕ್ರಾಂತಿ ಕಳೀಲಿ, ತಾನs ಬರ್ತಾನ' ಎಂದರು. ಮೆಣಸಿನಕಾಯಿ ಬೆಳೆದವರ ಕೈಗೆ ದುಡ್ಡು ಬರುವುದು ಯಾವಾಗ ಎಂಬ ಲೆಕ್ಕ ಸಾಲದ ಕಂತಿನ ಚೀಟಿ ಬರೆದವರಿಗೆ ಹೊಳೆದಿರಲಿಲ್ಲ, ಅಟೆಂಡರ್‌ಗೆ ಗೊತ್ತಿತ್ತು. ಇಂಥ ತಿಳಿವಳಿಕೆ ಯಾವ ಆನ್‌ಲೈನ್ ಪರೀಕ್ಷೆಯಲ್ಲೂ ಬರುವುದಿಲ್ಲ, ಸಂಬಳದ ಪಟ್ಟಿಯಲ್ಲಿ ಕೊನೆಗಿರುವವರ ಬಳಿ ಇರುತ್ತದೆ, ಮತ್ತು ಕೇಳದಿದ್ದರೆ ಅವರು ಹೇಳುವುದಿಲ್ಲ. ಕೇಳುವಾಗ ಒಂದು ಎಚ್ಚರಿಕೆ: ಯಾರ ಸಾಲ ಎಷ್ಟು ಎಂಬುದು ಅವರ ಕಿವಿಗೆ ಬೀಳಬಾರದು. 'ಆ ಓಣಿಯಾಗ ಈ ವರ್ಷ ಬೆಳೆ ಹೆಂಗೈತಿ' ಎಂದಷ್ಟೇ ಕೇಳಿದರೂ ನಿಮಗೆ ಬೇಕಾದ್ದು ಸಿಗುತ್ತದೆ.

ಮೂರನೆಯದು ಮಾತಾಡುವುದು. ಇಲ್ಲಿ ಸಲುಗೆ ಇರುವವರು ಬೇಕು, ನಿಜ. ಆದರೆ ಅದು ಮ್ಯಾನೇಜರೇ ಆಗಿರಬೇಕೆಂದು ಎಲ್ಲಿದೆ? ಹೊಸ ಹುಡುಗನೋ ಹುಡುಗಿಯೋ ಫೋನಿನಲ್ಲಿ ಹೇಗೆ ಮಾತಾಡುತ್ತಾರೆ ಎಂದು ಒಂದು ವಾರ ಪಕ್ಕದಲ್ಲಿದ್ದು ಕೇಳಿಸಿಕೊಳ್ಳಿ. ಬೈಸಿಕೊಂಡರೂ ದನಿ ಏರಿಸದವರು, 'ಆಯ್ತ್ರಿ ಕಾಕಾ, ಹಂಗಾರ ಶನಿವಾರ ಅರ್ಧರs ಕಟ್ರಿ' ಎಂದು ಒಂದು ದಿನಾಂಕಕ್ಕೆ ತಂದು ನಿಲ್ಲಿಸುವವರು ಇಬ್ಬರಲ್ಲಿ ಒಬ್ಬರಾದರೂ ಇರುತ್ತಾರೆ. ನಾಲ್ಕನೆಯದು, ಹಾಗೆ ಸಿಕ್ಕ ಮಾತನ್ನು ಬರೆದಿಟ್ಟು ಆ ಶನಿವಾರ ಮತ್ತೆ ಕೇಳುವುದು. ಇದು ಮತ್ತೆ ನಿಮ್ಮ ಗುಣಕ್ಕೆ ಸೇರಿದ್ದು. ಮಾತುಗಾರರು ಸೋಲುವುದೇ ಇಲ್ಲಿ: ಶುಕ್ರವಾರ ಕೊಟ್ಟ ಮಾತು ಸೋಮವಾರ ಇಬ್ಬರಿಗೂ ಮರೆತಿರುತ್ತದೆ. ಐದನೆಯದು ನೋಟಿಸ್, ಜಾಮೀನುದಾರರಿಗೆ ತಿಳಿಸುವುದು, ಬೇಕಾದರೆ ದಾವೆ. ಅದಕ್ಕೆ ಹಳೆಯ ಕಾಗದ ಪತ್ರ ಬಲ್ಲವರು ಬೇಕು, ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಹೀಗೆ ಬಿಡಿಸಿ ನೋಡಿದರೆ ನಿಮಗೆ 'ಬರದ' ವಸೂಲಿಯಲ್ಲಿ ಎರಡು ಎಳೆ ನಿಮ್ಮವೇ. ಠೇವಣಿ, ಹೊಸ ಸಾಲ, ಚಿನ್ನದ ಸಾಲ, ಲೆಕ್ಕ ಪರಿಶೋಧನೆಗೆ ಸಿದ್ಧತೆ, ಪ್ರತಿಯೊಂದನ್ನೂ ಹೀಗೆಯೇ ಬಿಡಿಸಬಹುದು. ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲು ಹೋಗಬೇಡಿ. ವಸೂಲಿ ಒಂದನ್ನು ಹಿಡಿದು ಮಾರ್ಚ್ 31ರವರೆಗೆ ನಡೆಸಿ.

ಠೇವಣಿಗೆ ಮದುವೆ, ಜಾತ್ರೆ ಸುತ್ತಲೇಬೇಕು ಎಂದೂ ನನಗನ್ನಿಸುವುದಿಲ್ಲ. ನಿಮ್ಮ ಶಾಖೆಯ ಪರವಾಗಿ ದಿನಾ ಅಂಗಡಿ ಅಂಗಡಿಗೆ ಹೋಗುವ ನಾಲ್ವರು ಇದ್ದಾರಲ್ಲ. ಪಿಗ್ಮಿ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು. 1925ರಲ್ಲಿ ಉಡುಪಿಯಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದವರು ಮೂವರು: ಉಪೇಂದ್ರ ಅನಂತ ಪೈ ವ್ಯಾಪಾರಸ್ಥರು, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರು, ಡಾ. ಟಿ.ಎಂ.ಎ. ಪೈ ವೈದ್ಯರು. ಮೂರು ಕಸುಬು, ಮೂರು ಕಣ್ಣು. 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ತರುತ್ತಿದ್ದರು. (ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಕರ್ನಾಟಕದ ಸೊಸೈಟಿಗಳಲ್ಲಿ ಇನ್ನೂ ಗಟ್ಟಿಯಾಗಿದೆ.) ಆ ಯೋಜನೆಯ ಜಾಣತನ ನನಗೆ ಕಾಣುವುದು ಇಲ್ಲಿ: ಬಾಗಿಲಿಗೆ ಹೋಗಿ ನಗುತ್ತಾ ಕೇಳಬಲ್ಲವರೂ ಸಂಜೆ ಪೈಸೆ ಬಿಡದೆ ಲೆಕ್ಕ ಬರೆಯಬಲ್ಲವರೂ ಒಬ್ಬರೇ ಆಗಿರಬೇಕಿಲ್ಲ ಎಂದು ಅದು ಮೊದಲೇ ಒಪ್ಪಿಕೊಂಡಿತ್ತು.

ನಿಮ್ಮ ನಾಲ್ವರು ಏಜೆಂಟರು ಕಮಿಷನ್ ಮೇಲೆ ದುಡಿಯುವವರು, ಹಾಜರಿ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ, ಹಾಗಾಗಿ 'ತಂಡ' ಎಂದಾಗ ಅವರು ನೆನಪಿಗೇ ಬರುವುದಿಲ್ಲ. ನೀವೂ ಅವರನ್ನು ಕೊನೆಗೆ ಬರೆದಿದ್ದೀರಿ. ಶನಿವಾರ ಸಂಜೆ ಹಣ ಕಟ್ಟಲು ಬಂದಾಗ ಹದಿನೈದು ನಿಮಿಷ ಕೂರಿಸಿ ಕೇಳಿ: ಯಾವ ಅಂಗಡಿ ನಡೆಯುತ್ತಿದೆ, ಯಾರು ದಿನದ ಮೊತ್ತ ಇಳಿಸಿದರು, ಯಾರು ಹೊಲ ಮಾರಿದರು. ಹೊಲ ಮಾರಿದವರ ಮನೆಗೆ ಆ ವಾರವೇ ಏಜೆಂಟರ ಜೊತೆ ಹೋಗಿ ಬನ್ನಿ. ಏಜೆಂಟ್ ಮಾತಾಡಲಿ, ಬಡ್ಡಿ ಎಷ್ಟು, ಅವಧಿ ಎಷ್ಟು, ನಡುವೆ ಮುರಿದರೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ನೀವು ಹೇಳಿ. ಎರಡು ಲಕ್ಷ ಇಡಲು ಹೊರಟ ಮನೆಯವರು ಆ ಹೊತ್ತಿನಲ್ಲಿ ತಮಾಷೆಗಾರರನ್ನು ಹುಡುಕುತ್ತಿರುವುದಿಲ್ಲ, ದುಡ್ಡು ಭದ್ರವಾಗಿರುತ್ತದೋ ಇಲ್ಲವೋ ಎಂದು ನೋಡುತ್ತಿರುತ್ತಾರೆ. ಸೊಸೈಟಿಗಳ ಬಗ್ಗೆ ಪತ್ರಿಕೆಯಲ್ಲಿ ಕೆಟ್ಟ ಸುದ್ದಿ ಓದಿದ ಜನರೆದುರು ನಿಮ್ಮ ಹುಟ್ಟುಗುಣವೇ ನಿಮ್ಮ ಬಂಡವಾಳ. ಇನ್ನೊಂದು: ವಾರಕ್ಕೆ ನಾಲ್ಕೈದು ಪಿಗ್ಮಿ ಖಾತೆದಾರರನ್ನು ನೀವೇ ಆರಿಸಿ ಫೋನ್ ಮಾಡಿ, ಪಾಸ್‌ಬುಕ್ಕಿನ ಮೊತ್ತವನ್ನು ನಿಮ್ಮ ಲೆಡ್ಜರಿನ ಜೊತೆ ತಾಳೆ ನೋಡಿ. ಇದನ್ನು ಏಜೆಂಟರಿಗೆ ಮೊದಲೇ ಹೇಳಿಯೇ ಮಾಡಿ. ಪ್ರಾಮಾಣಿಕ ಏಜೆಂಟರು ಇದಕ್ಕೆ ಖುಷಿಪಡುತ್ತಾರೆ, ಅವರ ಮೇಲಿನ ಅನುಮಾನ ಅದರಿಂದಲೇ ತೀರುತ್ತದೆ.

ಈಗ ನಿಮ್ಮ ಗುಣದ ಇನ್ನೊಂದು ಮಗ್ಗುಲು. ಲೆಕ್ಕದಿಂದ ಮ್ಯಾನೇಜರ್ ಆದವರ ಟೇಬಲ್ಲಿನ ಮೇಲೆ ಮೂರು ತಿಂಗಳಲ್ಲಿ ಫೈಲುಗಳ ಗುಡ್ಡ ಬೆಳೆಯುತ್ತದೆ. ಪ್ರತಿ ವೋಚರ್ ತಾವೇ ನೋಡುತ್ತಾರೆ, ಪ್ರತಿ ಪತ್ರದ ಕಾಗುಣಿತ ತಾವೇ ತಿದ್ದುತ್ತಾರೆ. ಇದನ್ನು ಮೆಚ್ಚಬೇಕಾದ್ದಿಲ್ಲ. ಸಂಜೆ ಐದೂವರೆಗೆ ಕ್ಯಾಷಿಯರ್ ಮೊತ್ತವನ್ನು ಎರಡನೇ ಸಲ ಕೂಡುವುದನ್ನು ಬಿಡುತ್ತಾರೆ, 'ಹೆಂಗೂ ಮೇಡಂ ನೋಡ್ತಾರ' ಅಂತ. ನಿಮ್ಮ ಎಚ್ಚರಿಕೆ ಹೆಚ್ಚಿದಷ್ಟೂ ಉಳಿದವರದು ಇಳಿಯುತ್ತದೆ. ಗುಣ ಅತಿಯಾದರೆ ಅದೇ ದೋಷವಾಗುತ್ತದೆ ಎಂಬುದನ್ನು ರಾಬರ್ಟ್ ಕಪ್ಲಾನ್, ರಾಬರ್ಟ್ ಕೈಸರ್ ಎಂಬ ಅಮೆರಿಕದ ಇಬ್ಬರು ನಾಯಕತ್ವ ತಜ್ಞರು ವರ್ಷಗಟ್ಟಲೆ ಅಧಿಕಾರಿಗಳನ್ನು ಅಭ್ಯಾಸ ಮಾಡಿ ಬರೆದಿದ್ದಾರೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಅತಿಯಾದರೆ ಅಮೃತವೂ ವಿಷ ಎಂದು ಅಜ್ಜಿಯೇ ಹೇಳಿದ್ದಾಳೆ. ಆದ್ದರಿಂದ ಇಂದೇ ಒಂದು ಗೆರೆ ಎಳೆಯಿರಿ. ಸಾಲ ಮಂಜೂರಾತಿಯ ಕಡತ ಪೂರ್ತಿ ಓದುತ್ತೀರಿ. ದಿನದ ಕ್ಯಾಷ್ ಎಣಿಕೆಗೆ ನಿಲ್ಲುತ್ತೀರಿ. ಉಳಿದ ವೋಚರುಗಳಲ್ಲಿ ದಿನಕ್ಕೆ ಹತ್ತು ತೆಗೆದು ನೋಡುತ್ತೀರಿ, ಅಷ್ಟೇ. ತಪ್ಪು ಸಿಕ್ಕರೆ ನೀವು ತಿದ್ದಬೇಡಿ, ಬರೆದವರಿಂದಲೇ ತಿದ್ದಿಸಿ.

ತಪ್ಪಿನ ಮಾತು ಬಂದದ್ದಕ್ಕೆ ಒಂದು ಅಧ್ಯಯನ ನೆನಪಾಗುತ್ತದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಭ್ಯಾಸ ಮಾಡುತ್ತಿದ್ದರು. ಒಳ್ಳೆಯ ತಂಡದಲ್ಲಿ ಔಷಧ ಕೊಡುವಾಗಿನ ತಪ್ಪು ಕಡಿಮೆ ಇರುತ್ತದೆ ಎಂಬುದು ಎಣಿಕೆ. ಅಂಕಿ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪುಗಳ ದಾಖಲೆ ಹೆಚ್ಚು! ಕೆದಕಿದಾಗ ತಿಳಿದದ್ದು, ಆ ತಂಡಗಳಲ್ಲಿ ತಪ್ಪಾದರೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮಲ್ಲಿ ಕ್ಯಾಷ್ 500 ರೂಪಾಯಿ ಕಡಿಮೆ ಬಂದ ಸಂಜೆ ಇದು ಪರೀಕ್ಷೆಗೆ ಬರುತ್ತದೆ. ಕ್ಯಾಷಿಯರ್ ಅದನ್ನು ಆಗಲೇ ನಿಮಗೆ ಹೇಳಿದರೆ ನಿಮ್ಮದು ತಂಡ. ಕಿಸೆಯಿಂದ ಹಾಕಿ ಸುಮ್ಮನಾದರೆ, ಮುಂದೆ ಎಂದಾದರೂ ಹೆಚ್ಚು ಬಂದದ್ದೂ ಕಿಸೆಗೇ ಹೋಗುತ್ತದೆ. ಶಿಸ್ತಿನವರ ಎದುರು ತಪ್ಪು ಒಪ್ಪಿಕೊಳ್ಳಲು ಜನ ಹೆದರುತ್ತಾರೆ, ನಿಮ್ಮಂಥವರು ಇದನ್ನು ತಿಳಿದಿರಬೇಕು. ಮೊದಲ ಸಲ ಕಡಿಮೆ ಬಂದಾಗ ಮುಖ ಗಂಟಿಕ್ಕದೆ 'ಬರ್ರಿ, ಇಬ್ಬರೂ ಕೂಡಿ ಹುಡುಕೂಣು' ಎಂದು ಪಕ್ಕದಲ್ಲಿ ಕೂತು ನೋಟಿನ ಕಟ್ಟು ಬಿಚ್ಚಿ. ಆ ಒಂದು ಸಂಜೆಯ ಸುದ್ದಿ ಮರುದಿನ ಶಾಖೆಗೆಲ್ಲ ಗೊತ್ತಿರುತ್ತದೆ.

ಹಿರಿಯ ಗುಮಾಸ್ತರ ವಿಚಾರ. ನಿಮ್ಮ ಪತ್ರದಲ್ಲಿ ಅವರ ಬೇಸರ ಬರೆದಿದ್ದೀರಿ, ಅವರಿಗೆ ಏನು ಬರುತ್ತದೆ ಎಂದು ಒಂದು ಸಾಲೂ ಬರೆದಿಲ್ಲ. ನಾನು ಊಹಿಸಬಲ್ಲೆ: ಯಾರು ಯಾರಿಗೆ ಜಾಮೀನು ನಿಂತಿದ್ದಾರೆ, ಅಣ್ಣತಮ್ಮಂದಿರ ಯಾವ ಹೊಲ ಪಾಲಾಗಿಲ್ಲ, ಯಾವ ಮನೆಯವರು ಹಿಂದೆ ಎರಡು ಸಲ ಸತಾಯಿಸಿ ಮೂರನೇ ಸಲ ಹೊಸ ಹೆಸರಿನಲ್ಲಿ ಬಂದಿದ್ದಾರೆ, ಇದೆಲ್ಲ ಅವರ ತಲೆಯಲ್ಲಿದೆ. ಕಂಪ್ಯೂಟರಿನಲ್ಲಿ ಇಲ್ಲ. ಸೊಸೈಟಿಗೆ ಅದರ ಬೆಲೆ ನಿಮ್ಮ ವರದಿಯ ಐದೂ ಗುಣಗಳಿಗಿಂತ ಹೆಚ್ಚು. ಅವರಿಗೆ 'ನಿಮ್ಮ ಅನುಭವ ನಮಗೆ ಬೇಕು ಸರ್' ಎಂಬ ಶಾಲು ಹೊದಿಸುವ ಮಾತು ಹೇಳಬೇಡಿ, ಎಲ್ಲರಿಗೂ ಅದರ ಟೊಳ್ಳು ಗೊತ್ತು. ತೂಕ ಇರುವ ಕೆಲಸ ಕೊಡಿ. ಒಬ್ಬರೇ ಇದ್ದಾಗ ಹೀಗೆ ಹೇಳಬಹುದು: 'ಸರ್, ಈ ಖುರ್ಚಿ ನಿಮಗ ಬರಬೇಕಿತ್ತು ಅಂತ ನಿಮಗ ಅನಿಸಿರಬಹುದು. ಅದು ನನ್ನ ಕೈಯಾಗಿಲ್ಲ. ಆದ್ರ ಇನ್ನ ಮ್ಯಾಲೆ ಜಾಮೀನುದಾರರ ಬಗ್ಗೆ ನೀವು ಬರದು ಸಹಿ ಮಾಡದ ಯಾವ ಸಾಲದ ಅರ್ಜೀನೂ ನಾ ಮುಂದ ಕಳಸಂಗಿಲ್ಲ. ನೀವು ಬ್ಯಾಡ ಅಂದ್ರ, ಯಾಕ ಅಂತ ನಿಮ್ಮ ಕೂಡ ಕುಂತು ಮಾತಾಡಿನs ಮುಂದಿನದು.' ಹೀಗೆ ಹೇಳಿದ ಮೇಲೆ ಅದರಂತೆ ನಡೆಯಿರಿ. ಮೊದಲ ಅರ್ಜಿಯಲ್ಲೇ ಅವರನ್ನು ದಾಟಿ ಹೋದರೆ ಮತ್ತೆ ಸರಿಪಡಿಸುವುದು ಕಷ್ಟ.

ಬರೆದು ಸಹಿ ಮಾಡಿಸುವುದರಲ್ಲಿ ಇನ್ನೊಂದು ಲಾಭವಿದೆ. ನಿರ್ದೇಶಕರು ಅವರಿಗೆ ಫೋನ್ ಮಾಡಿ 'ನಮ್ಮ ಹುಡುಗಂದು ಸ್ವಲ್ಪ ನೋಡ್ರಿ' ಎಂದಾಗ, ಬಾಯಿಮಾತಿನಲ್ಲಿ ಹೂಂ ಅನ್ನುವುದು ಸುಲಭ, ತಮ್ಮ ಹೆಸರಿನ ಕೆಳಗೆ ಬರೆಯುವುದು ಸುಲಭವಲ್ಲ. ಫೋನನ್ನು ನೀವು ತಡೆಯಲಾರಿರಿ, ತಡೆಯಲು ಹೋಗಲೂಬೇಡಿ. ಆದರೆ ಮಂಜೂರಾತಿಗೆ ಬೇಡ ಎನ್ನಬೇಕಾದ ದಿನ ಆ ನಿರ್ದೇಶಕರಿಗೆ ಅದನ್ನು ಹೇಳಬೇಕಾದವರು ನೀವೇ, ಗುಮಾಸ್ತರ ಬಾಯಿಂದ ಹೇಳಿಸಬೇಡಿ. 'ನನಗೆ ಮಾತು ಬರುವುದಿಲ್ಲ' ಎಂಬ ನೆಪ ನಡೆಯದ ಜಾಗ ಇದೊಂದು. ಮಹಾಸಭೆಯಲ್ಲಿ ಸ್ವಾಗತ, ವಂದನೆ, ತಮಾಷೆ ಬೇರೆಯವರು ನೋಡಿಕೊಳ್ಳಲಿ, ಶಾಖೆಯ ಅಂಕಿ ಅಂಶ ಓದಿ ಎರಡು ಪ್ರಶ್ನೆಗೆ ಉತ್ತರಿಸುವಷ್ಟು ನೀವು ರೂಢಿ ಮಾಡಿಕೊಂಡರೆ ಸಾಕು. ಆದರೆ ಒಬ್ಬರೆದುರು ಒಬ್ಬರು ಕೂತು ಇಲ್ಲ ಎನ್ನುವುದನ್ನು ಕಲಿಯಲೇಬೇಕು. ಸಾಮರ್ಥ್ಯದ ಮೇಲೆ ಮಾತ್ರ ಗಮನ ಕೊಡಿ, ದೌರ್ಬಲ್ಯ ಮರೆತುಬಿಡಿ ಎನ್ನುವ ತರಬೇತುದಾರರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಯಾವ ದೌರ್ಬಲ್ಯದಿಂದ ಸದಸ್ಯರ ಹಣ ಹೋಗಬಹುದೋ ಅದನ್ನು ಮರೆಯುವ ಹಾಗಿಲ್ಲ.

ನಗದು, ಚಿನ್ನ, ಬೀಗದಕೈ ಇವುಗಳ ವಿಚಾರದಲ್ಲಂತೂ ಗುಣ ನೋಡಿ ಕೆಲಸ ಹಂಚುವ ಲೆಕ್ಕವೇ ಬೇರೆ. ಹುಡುಗಿ ಚಿನ್ನದ ಪೊಟ್ಟಣಗಳ ರಿಜಿಸ್ಟರ್ ಬಹಳ ಅಚ್ಚುಕಟ್ಟಾಗಿ ಇಡುತ್ತಾಳೆ ಎಂದುಕೊಳ್ಳಿ. ಅದಕ್ಕೇ ಅವಳನ್ನು ಐದು ವರ್ಷ ಅಲ್ಲೇ ಕೂರಿಸುತ್ತೀರಾ? ಭದ್ರತಾ ಕೊಠಡಿಯ ಎರಡು ಬೀಗದಕೈ ಎರಡು ಕೈಯಲ್ಲಿರಬೇಕು, ಬರೆಯುವವರು ಒಬ್ಬರು, ತಾಳೆ ನೋಡುವವರು ಇನ್ನೊಬ್ಬರು, ಆಗಾಗ ಟೇಬಲ್ ಬದಲಾಗಬೇಕು. ರಿಸರ್ವ್ ಬ್ಯಾಂಕ್ 2021ರ ಸುತ್ತೋಲೆಯಲ್ಲಿ, ಸೂಕ್ಷ್ಮ ಜಾಗಗಳಲ್ಲಿರುವ ಬ್ಯಾಂಕ್ ಸಿಬ್ಬಂದಿಯನ್ನು ಮುನ್ಸೂಚನೆ ಕೊಡದೆ ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೇ ರಜೆಗೆ ಕಳಿಸಬೇಕೆಂದಿತು. ಕಾರಣ ಸರಳ, ಮುಚ್ಚಿಟ್ಟದ್ದೇನಾದರೂ ಇದ್ದರೆ ಬೇರೆಯವರು ಆ ಜಾಗದಲ್ಲಿ ಕೂತಾಗ ಹೊರಬರುತ್ತದೆ. ಸೊಸೈಟಿಗಳು ರಿಸರ್ವ್ ಬ್ಯಾಂಕಿನ ಕೆಳಗಿಲ್ಲದಿದ್ದರೂ ಈ ಪದ್ಧತಿ ಇಟ್ಟುಕೊಂಡರೆ ನಷ್ಟವಿಲ್ಲ. ಇಂಥ ಕಡೆ ಒಬ್ಬರ ಸಾಮರ್ಥ್ಯ ಬಳಸುವುದೆಂದರೆ ಅವರಿಂದ ಉಳಿದವರಿಗೆ ಕಲಿಸುವುದು.

ಗುಣದ ಹೆಸರಿನಲ್ಲಿ ನಮ್ಮ ಕಚೇರಿಗಳಲ್ಲಿ ನಡೆಯುವ ಇನ್ನೆರಡು ಅನ್ಯಾಯಗಳನ್ನೂ ಹೇಳಿಬಿಡುತ್ತೇನೆ. ಒಂದು, ಚೆನ್ನಾಗಿ ಮಾಡುವವರ ಮೇಲೇ ಎಲ್ಲ ಹೊರೆ. ಹೊಸ ಹುಡುಗನಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆಂದು ಎಲ್ಲರ ಟೈಪಿಂಗು, ಪ್ರಿಂಟರ್ ರಿಪೇರಿ, ನಿರ್ದೇಶಕರ ಮಗನ ಅರ್ಜಿ ತುಂಬುವುದೂ ಅವನಿಗೇ. ಒಂದು ಹೊಸ ಕೆಲಸ ಕೊಟ್ಟಾಗ ಒಂದು ಹಳೆಯದನ್ನು ಅವನ ಮೇಲಿಂದ ಇಳಿಸಿ. ಎರಡನೆಯದು, ಹುಟ್ಟನ್ನೇ ಗುಣ ಎನ್ನುವುದು. 'ಅವರ ಮಂದಿಗೆ ಲೆಕ್ಕ ರಕ್ತದಾಗs ಬಂದೈತಿ', 'ಹೆಣ್ಣುಮಕ್ಕಳು ಸಮಾಧಾನದಿಂದ ಮಾತಾಡ್ತಾರ, ಕೌಂಟರಿಗೆ ಅವರs ಇರಲಿ', 'ಅವ ಬಿಡ್ರಿ, ಹೊರಗಿನ ಕೆಲಸಕ್ಕ ಲಾಯಕ್'. ಕೇಳಲು ಹೊಗಳಿಕೆಯಂತಿದ್ದರೂ ಇದು ಜಾತಿ, ಲಿಂಗ ನೋಡಿ ಕೆಲಸ ಹಂಚುವುದೇ. ಒಬ್ಬರಿಗೆ ಒಂದು ಗುಣ ಇದೆ ಎನ್ನುವ ಮೊದಲು, ಅವರು ಮಾಡಿದ ಯಾವ ಕೆಲಸದಲ್ಲಿ ಅದನ್ನು ಕಂಡಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೇಳಲು ಒಂದು ಪ್ರಸಂಗವೂ ಸಿಗದಿದ್ದರೆ ಅದು ಗುಣವಲ್ಲ, ಗುಮಾನಿ.

ನಿಮ್ಮದೇ ಗುಣ ತಿಳಿಯಲೂ ಇದೇ ದಾರಿ. ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಹೇಳಿಕೊಟ್ಟ ಒಂದು ರೂಢಿ ನಿಮಗೆ ಸರಿಹೊಂದುತ್ತದೆ. ದೊಡ್ಡ ನಿರ್ಧಾರ ಮಾಡಿದಾಗಲೆಲ್ಲ, ಇದರಿಂದ ಏನಾಗಬಹುದು ಎಂದು ಬರೆದಿಡುವುದು, ಒಂಬತ್ತು-ಹನ್ನೆರಡು ತಿಂಗಳ ನಂತರ ತೆಗೆದು ಆದದ್ದನ್ನು ಪಕ್ಕದಲ್ಲಿ ಬರೆಯುವುದು. ಸಾಲ ಮಂಜೂರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಕಿರಾಣಿ ಅಂಗಡಿಯ ಸಾಲದಲ್ಲಿ ನಿಮ್ಮ ಅಂದಾಜು ಸರಿ ಬರುತ್ತದೆ, ಟ್ರ್ಯಾಕ್ಟರ್ ಸಾಲದಲ್ಲಿ ತಪ್ಪುತ್ತದೆ ಎಂದು ಎರಡು ವರ್ಷದಲ್ಲಿ ಗೊತ್ತಾದರೆ, ಟ್ರ್ಯಾಕ್ಟರಿಗೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಸಿಬ್ಬಂದಿಯನ್ನೂ ಕೇಳಿ. 'ನನ್ನಲ್ಲಿ ಏನು ಒಳ್ಳೆಯ ಗುಣ ಇದೆ' ಎಂದು ಮ್ಯಾನೇಜರ್ ಕೇಳಿದರೆ ಹೊಗಳಿಕೆ ಬಿಟ್ಟು ಬೇರೇನೂ ಬರುವುದಿಲ್ಲ. 'ನನ್ನಿಂದ ನಿಮ್ಮ ಕೆಲಸ ಹಗುರಾದ ಒಂದು ಸಂದರ್ಭ ಹೇಳಿ, ನನ್ನಿಂದ ತಡವಾದ ಒಂದು ಸಂದರ್ಭ ಹೇಳಿ' ಎಂದು ಕೇಳಿ. ಎರಡನೆಯದಕ್ಕೆ ಉತ್ತರ ಸಿಗಲು ಸ್ವಲ್ಪ ಕಾಲ ಹಿಡಿಯುತ್ತದೆ.

ಚುರುಕಾದ ಸಿಬ್ಬಂದಿ ಬೇಕು ಎಂದು ಈಗ ಬರೆಯಬೇಡಿ. ಇಂಗ್ಲೆಂಡಿನ ಹೆನ್ಲಿ ಕಾಲೇಜಿನಲ್ಲಿ ಮೆರೆಡಿತ್ ಬೆಲ್ಬಿನ್ ಅಧಿಕಾರಿಗಳ ತಂಡಗಳಿಗೆ ವ್ಯವಹಾರದ ಆಟ ಆಡಿಸಿ ನೋಡುತ್ತಿದ್ದಾಗ, ಬುದ್ಧಿಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರನ್ನೆಲ್ಲ ಒಂದೇ ತಂಡಕ್ಕೆ ಹಾಕಿದರು. ಗೆಲ್ಲಬೇಕಾದ ಆ ತಂಡ ಮತ್ತೆ ಮತ್ತೆ ಹಿಂದೆ ಬಿತ್ತು, ಎಲ್ಲರೂ ಇನ್ನೊಬ್ಬರ ಮಾತಿನಲ್ಲಿ ತಪ್ಪು ಹುಡುಕುತ್ತ ಕೂತಿದ್ದರಿಂದ. ನಿಮ್ಮಲ್ಲಿರುವ ಐವರಿಂದ ವಸೂಲಿಯ ಐದು ಎಳೆಯನ್ನೂ ಹೊರಿಸಿ ನೋಡಿದ ಮೇಲೆ, ಯಾವ ಎಳೆಗೆ ಯಾರೂ ಒದಗುತ್ತಿಲ್ಲ ಎಂದು ತಿಳಿಯುತ್ತದಲ್ಲ, ಆಗ ಬರೆಯಿರಿ. 'ಚುರುಕಾದವರು ಬೇಕು' ಎಂದರೆ ಮುಖ್ಯ ಕಚೇರಿಯವರು ನಗುತ್ತಾರೆ, 'ನೋಟಿಸ್, ದಾವೆ ಕಾಗದ ಬಲ್ಲ ಒಬ್ಬರು ವಾರಕ್ಕೆ ಎರಡು ದಿನ ಬೇಕು' ಎಂದರೆ ಕಳಿಸಲೂಬಹುದು.

ಪರೀಕ್ಷೆಯನ್ನು ಸಿಬ್ಬಂದಿಗೆ ಮಾಡಿಸುವುದು ನನಗೆ ಬೇಕೆನಿಸುವುದಿಲ್ಲ. ಅಟೆಂಡರ್‌ಗೂ ಏಜೆಂಟರಿಗೂ ಅದು ಹೇಗೂ ತಲುಪುವುದಿಲ್ಲ, ನಿಮಗೆ ಹೆಚ್ಚು ಬೇಕಾದವರು ಅವರೇ. ತಲುಪಿದವರಿಗೆ ಒಂದು ಪಟ್ಟಿ ಅಂಟಿಕೊಳ್ಳುತ್ತದೆ, ನಾಳೆ ಕೆಲಸ ಹೇಳಿದರೆ 'ಅದು ನನ್ನ ಸಾಮರ್ಥ್ಯದಾಗ ಬರಂಗಿಲ್ರಿ ಮೇಡಂ' ಎಂಬ ಉತ್ತರವೂ ಬರಬಹುದು. ಮುಖ್ಯ ಕಚೇರಿಯಿಂದಲೇ ಆದೇಶ ಬಂದರೆ ಮಾಡಿಸಿ, ಆದರೆ ವರದಿ ಅವರವರ ಕೈಯಲ್ಲೇ ಇರಲಿ, ನೋಟಿಸ್ ಬೋರ್ಡಿಗೂ ಬೇಡ, ಬಡ್ತಿಯ ಕಡತಕ್ಕೂ ಬೇಡ. ಆ ದುಡ್ಡು ನಿಮ್ಮ ಕೈಯಲ್ಲಿದ್ದರೆ ಹೊಸಬರಿಬ್ಬರನ್ನೂ ವಸೂಲಿ ಕಾಗದ ಪತ್ರದ ತರಬೇತಿಗೆ ಕಳಿಸಿ, ಬಸ್ ಚಾರ್ಜ್ ಊಟದ ಖರ್ಚು ಸಮೇತ.